ಮೂರನೆಯ ಸಾಲಿನ ಪ್ರಶ್ನೆ

ವೈದ್ಯರಾಗುವವರು ಮೊದಲು ಬೊಂಬೆಯ ಮೈಗೆ ಸೂಜಿ ಚುಚ್ಚಿ ಕಲಿಯುತ್ತಾರೆ. ವಿಮಾನ ನಡೆಸುವವರು ನೆಲ ಬಿಟ್ಟು ಏಳದ ವಿಮಾನದಲ್ಲಿ ಕುಳಿತು ಕಲಿಯುತ್ತಾರೆ. ಹಾಗಿದ್ದ ಮೇಲೆ ಕಾಲೇಜಿನಲ್ಲಿ ಪಾಠ ಹೇಳುವವರು ಮಾತ್ರ ಯಾಕೆ ಮೊದಲ ದಿನದಿಂದಲೇ ಜೀವಂತ ಮಕ್ಕಳ ಮೇಲೆ ಕೈ ಪಳಗಿಸಿಕೊಳ್ಳಬೇಕು? ಯಾರೋ ಒಬ್ಬರು ಈ ಮಾತನ್ನು ಗಟ್ಟಿಯಾಗಿ ಕೇಳಿದ ಮೇಲೆ ಅಭ್ಯಾಸ ತರಗತಿ ಹುಟ್ಟಿಕೊಂಡಿತು.

ನೋಡುವುದಕ್ಕೆ ಅದು ಯಾವ ಕಾಲೇಜಿನದಾದರೂ ಆಗಬಹುದಾದ ಕೋಣೆ. ಕರಿಹಲಗೆ, ಒಂದು ಮೇಜು, ಎದುರಿಗೆ ನಿಜವಾದ ಮರದ ಬೆಂಚುಗಳು. ಬೆಂಚಿನ ಮೇಲೆ ಕುಳಿತವರು ಮಾತ್ರ ಬೆಳಕಿನಿಂದ ಮಾಡಿದವರು. ಹಾಗೆಂದು ಅವರು ಯಾರೋ ಕಲ್ಪಿಸಿ ಬರೆದ ಬೊಂಬೆಗಳಲ್ಲ. ಹಿಂದಿನ ವರ್ಷಗಳಲ್ಲಿ ಓದಿದ ವಿದ್ಯಾರ್ಥಿಗಳು ಕೇಳಿದ ಪ್ರಶ್ನೆ, ತಡವರಿಸಿದ ಜಾಗ, ತಪ್ಪು ಉತ್ತರ ಬರೆದ ರೀತಿ, ಆಕಳಿಸಿದ ಹೊತ್ತು, ಎಲ್ಲವನ್ನೂ ಯಂತ್ರ ಹೀರಿಕೊಂಡು ಮತ್ತೆ ಒಬ್ಬೊಬ್ಬರನ್ನಾಗಿ ಕೂರಿಸಿತ್ತು. ಪ್ರವೇಶದ ಹೊತ್ತಿಗೇ ವಿದ್ಯಾರ್ಥಿಗಳು ಇದಕ್ಕೆ ಒಪ್ಪಿಗೆ ಕೊಟ್ಟಿರುತ್ತಿದ್ದರು. ಯಾರಿಗೂ ಗುರುತು ಸಿಗಬಾರದೆಂದು ಮುಖ, ದನಿ, ಹೆಸರು ಮೂರನ್ನೂ ಬದಲಾಯಿಸುತ್ತಿದ್ದರು. ಬದಲಾಯಿಸದೆ ಉಳಿಸಿಕೊಳ್ಳುತ್ತಿದ್ದದ್ದು ಒಂದನ್ನೇ: ಆ ವಿದ್ಯಾರ್ಥಿಗೆ ಒಂದು ಸಂಗತಿ ತಿಳಿಯದೆ ಇದ್ದ ರೀತಿಯನ್ನು.

ಆ ಸಂಗತಿ ಒಮ್ಮೆ ತಿಳಿದುಬಿಟ್ಟರೆ ಆ ವಿದ್ಯಾರ್ಥಿಯನ್ನು ಮತ್ತೆ ಕೂರಿಸುವಂತಿರಲಿಲ್ಲ. ಮೊದಮೊದಲು ನೆನಪು ಅಳಿಸಿ ಕೂರಿಸಿ ನೋಡಿದ್ದರು. ಒದ್ದೆ ಗಾರೆಯ ಮೇಲಿನ ಹೆಜ್ಜೆಯನ್ನು ಎಷ್ಟು ಸವರಿದರೂ ಗುರುತು ಉಳಿಯುವ ಹಾಗೆ ತಿಳಿದದ್ದರ ಗುರುತು ಎಲ್ಲೋ ಉಳಿದು, ಅವರು ತಿಳಿಯದವರಂತೆ ನಟಿಸತೊಡಗುತ್ತಿದ್ದರು. ಅಂಥವರ ಮುಂದೆ ಪಳಗಿದ ಅಧ್ಯಾಪಕರು ನಿಜವಾದ ತರಗತಿಯಲ್ಲಿ ಎಡವುತ್ತಿದ್ದರು. ಹಾಗಾಗಿ ತಿಳಿದವರ ದಾಖಲೆಯನ್ನು ಆ ದಿನವೇ ಪೂರ್ತಿ ತೆಗೆದುಹಾಕುತ್ತಿದ್ದರು. ಅಭ್ಯಾಸ ತರಗತಿ ನಡೆಯುವ ಕೇಂದ್ರದಲ್ಲಿ ಅದಕ್ಕೆ ಎದ್ದು ಹೋಗುವುದು ಎನ್ನುತ್ತಿದ್ದರು. ಒಬ್ಬರು ಎದ್ದು ಹೋದ ದಿನ ಕ್ಯಾಂಟೀನಿನಲ್ಲಿ ಎಲ್ಲರಿಗೂ ಬಿಸಿ ಮಿರ್ಚಿ ಭಜಿ.

ಮೂರನೆಯ ಸಾಲಿನಲ್ಲಿ ಕಿಟಕಿ ಪಕ್ಕ ಕೂರುವ ವನಜಾ ಎಂಬ ಹುಡುಗಿ ಮಾತ್ರ ವರ್ಷಗಳಿಂದ ಎದ್ದು ಹೋಗಿರಲಿಲ್ಲ. ಅವಳು ಎದ್ದು ಹೋಗದಂತೆ ನೋಡಿಕೊಂಡವನು ರಾಚಪ್ಪ ಮುಶಿಗೇರಿ.

ರಾಚಪ್ಪ ಆ ಕೇಂದ್ರದ ತರಬೇತುದಾರ. ಗಾಜಿನ ಗೋಡೆಯ ಈಚೆ ವೀಕ್ಷಣಾ ಕೋಣೆಯಲ್ಲಿ ಕುಳಿತು, ಒಳಗೆ ಪಾಠ ಹೇಳುವ ಹೊಸ ಅಧ್ಯಾಪಕರನ್ನೂ ಸಂಶೋಧನಾ ವಿದ್ಯಾರ್ಥಿಗಳನ್ನೂ ಗಮನಿಸಿ, ತಿದ್ದಿ, ಕೊನೆಗೆ ಅವರು ಅರ್ಹರೋ ಅಲ್ಲವೋ ಹೇಳುವುದು ಅವನ ಕೆಲಸ. ಒಳಗಿದ್ದವರಿಗೆ ಅವನು ಕಾಣುತ್ತಿರಲಿಲ್ಲ. ಅವನ ಮುಂದೆ ಒಂದು ಕೆಂಪು ಗುಂಡಿ ಇತ್ತು. ಪಾಠ ದಾರಿ ತಪ್ಪಿತು ಅನ್ನಿಸಿದರೆ ಅದನ್ನು ಒತ್ತಬೇಕು. ತರಗತಿ ಅಲ್ಲಿಗೇ ನಿಂತು, ಬೆಂಚಿನವರೆಲ್ಲ ಪಾಠ ಶುರುವಾಗುವ ಮುಂಚಿನ ಸ್ಥಿತಿಗೆ ಮರಳುತ್ತಾರೆ.

ಆ ದಿನ ಒಳಗಿದ್ದವಳು ಮೆಹರುನ್ನಿಸಾ ನದಾಫ್. ಸಂಖ್ಯಾಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತ, ಪದವಿಯ ಮೊದಲ ವರ್ಷದವರಿಗೆ ಪಾಠವನ್ನೂ ಹೇಳುತ್ತಿದ್ದಳು. ಹಿಂದೊಮ್ಮೆ ಅವಳು ಇಲ್ಲಿ ಅನರ್ಹಳಾಗಿದ್ದಳು, ಅದು ನ್ಯಾಯವಾಗಿಯೇ ಇತ್ತು. ತಾಸುಗಟ್ಟಲೆ ಹಲಗೆಗೆ ಮುಖ ಮಾಡಿ ಸೂತ್ರ ಬರೆದಿದ್ದಳು. ಈ ಸಲ ಅವಳ ಕೈಯಲ್ಲಿ ಒಂದು ನಾಣ್ಯ ಮಾತ್ರ ಇತ್ತು.

ಅವಳು ನಾಣ್ಯ ಚಿಮ್ಮಿಸಿ ಹೇಳಿದ ಬಹಳ ಹೊತ್ತಿನ ಮೇಲೆ ಮೂರನೆಯ ಸಾಲಿನಲ್ಲಿ ಕೈ ಮೇಲೆದ್ದಿತು. ವನಜಾ ಹಲ್ಲಿನ ನಡುವೆ ಕಚ್ಚಿಕೊಂಡಿದ್ದ ಪೆನ್ನಿನ ಮುಚ್ಚಳವನ್ನು ತೆಗೆದು ಕೇಳಿದಳು.

"ಮೇಡಂ, ನಾಣ್ಯಕ್ಕ ನೆನಪಿಲ್ಲ ಅಂದ್ರಿ. ಸಾಲಾಗಿ ಹತ್ತು ಸಲ ಹೆಡ್ ಬಿದ್ರೂ ಮುಂದಿನದಕ್ಕ ಅರ್ಧಕ್ಕರ್ಧನ ಅಂದ್ರಿ. ಮತ್ತ ಸಾವಿರಗಟ್ಟಲೆ ಸಲ ಒಗದ್ರ ಕಡೀಕ ಅರ್ಧ ಹೆಡ್ಡು, ಅರ್ಧ ಟೇಲು ಆಗತಾವ ಅಂತೀರಿ. ನಾಣ್ಯಕ್ಕ ನೆನಪ ಇಲ್ಲಂದ್ರ, ಮೊದಲ ಹೆಚ್ಚಾಗಿದ್ದನ್ನ ಆಮ್ಯಾಲೆ ಯಾರು ಸರಿ ಮಾಡ್ತಾರ್ರಿ?"

ಈ ಪ್ರಶ್ನೆಗೆ ಹೆಚ್ಚಿನವರು "ಅದು ನಿಯಮ, ಬರಕೋ" ಎಂದು ಮುಂದೆ ಹೋಗುತ್ತಿದ್ದರು. ಹಾಗೆ ಹೋದವರನ್ನು ರಾಚಪ್ಪ ತಡೆಯುತ್ತಿರಲಿಲ್ಲ. ಮೆಹರುನ್ನಿಸಾ ಮುಂದೆ ಹೋಗಲಿಲ್ಲ. ನಾಣ್ಯವನ್ನು ಮೇಜಿನ ಮೇಲಿಟ್ಟು ಮೂರನೆಯ ಸಾಲಿನವರೆಗೆ ಬಂದಳು.

"ಯಾರರ ಸರಿ ಮಾಡಾಕಬೇಕು ಅಂತ ನಿನಗ್ಯಾಕ ಅನ್ನಿಸ್ತು? ಅದನ್ನ ಮೊದಲ ಹೇಳು."

ವನಜಾಳ ಕೈಯಲ್ಲಿದ್ದ ಮುಚ್ಚಳ ನಿಧಾನವಾಗಿ ಪೆನ್ನಿನ ಕಡೆಗೆ ಬಂತು. ರಾಚಪ್ಪನ ಬೆರಳು ಗುಂಡಿಯನ್ನು ಒತ್ತಿತು.

ಪಕ್ಕದಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದ ಮೌನೇಶ ಬಡಿಗೇರ ಕುರ್ಚಿಯನ್ನು ಅವನ ಕಡೆ ತಿರುಗಿಸಿದ. "ಯಾಕ್ರೀ ಸರ, ಬಂಡಿ ಈಗರ ಹಳಿ ಮ್ಯಾಲ ಬಂದಿತ್ತಲ್ಲ."

"ಹೊತ್ತಾಗಿತ್ತು."

"ಹೊತ್ತೇನ್ ಆಗಿತ್ರಿ, ಇನ್ನೂ ಅರ್ಧ ಪಾಠ ಇತ್ತು. ನಿಮ್ಮ ಬೆರಳಿಗೂ ಆ ಗುಂಡಿಗೂ ಬೀಗತನ ಆಗೇತಿ. ಒಂದನ್ನೊಂದು ಬಿಟ್ಟಿರಾಕ ಆಗವಲ್ದು."

ರಾಚಪ್ಪ ನಗಲಿಲ್ಲ. ವರದಿಯಲ್ಲಿ "ಉತ್ತರ ಕೊಡುವ ಬದಲು ಮರುಪ್ರಶ್ನೆ ಹಾಕಿ ಕಾಲಹರಣ" ಎಂದು ಬರೆದ. ಅದೇ ಬೆಳಿಗ್ಗೆ ಇನ್ನೊಂದು ತಂಡಕ್ಕೆ, ವಿದ್ಯಾರ್ಥಿ ಏನು ತಿಳಿದುಕೊಂಡಿದ್ದಾನೆ ಎಂದು ಮೊದಲು ಕೇಳಿ, ಆಮೇಲೆ ಉತ್ತರ ಹೇಳಿ ಎಂದು ತಾನೇ ಪಾಠ ಮಾಡಿದ್ದ. ಬರೆದದ್ದನ್ನು ಅಳಿಸಿದ, ಮತ್ತೆ ಅದನ್ನೇ ಬರೆದ. ಕೊನೆಗೆ ಅನರ್ಹ ಎಂದು ಗುರುತು ಹಾಕಿದ.

ಸಂಜೆ ರಾಚಪ್ಪ ಬೆಟಗೇರಿಯ ತನ್ನ ಓಣಿಗೆ ಬರುವಾಗ ಮಗ್ಗದ ಸದ್ದು ತಿರುವಿನಲ್ಲೇ ಕೇಳುತ್ತಿತ್ತು. ಅವನು ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟ ಕೂಡಲೇ ಅದು ನಿಂತಿತು. ಹೆಂಡತಿ ನೀಲವ್ವ ನೇಯುವ ಲಾಳಿಯನ್ನು ಕೈಯಲ್ಲಿ ಹಿಡಿದುಕೊಂಡೇ, ದಿನವೂ ಕೇಳುವಂತೆ ಕೇಳಿದಳು.

"ಇವತ್ತ ಏನ್ ಕೇಳಿದ್ಲು?"

"ಅದನ್ನ. ಯಾರು ಸರಿ ಮಾಡ್ತಾರ ಅಂತ."

"ಹೆಂಗ್ ಕೇಳಿದ್ಲು? ಆಕಿ ಅಂದಂಗ ಅನ್ರಿ."

ರಾಚಪ್ಪ ಅಂದ. ಮುಚ್ಚಳ ತೆಗೆದದ್ದನ್ನೂ ಕೈಯಲ್ಲಿ ಮಾಡಿ ತೋರಿಸಿದ. ನೀಲವ್ವ ಕಣ್ಣು ಮುಚ್ಚಿ ಕೇಳಿ, ತುಸು ನಕ್ಕು, ಚಹಾ ಇಡಲು ಎದ್ದಳು.

ಅವರ ಒಬ್ಬಳೇ ಮಗಳು ದಾಕ್ಷಾಯಿಣಿ ಈ ಕೇಂದ್ರವಿದ್ದ ವಿಶ್ವವಿದ್ಯಾಲಯದಲ್ಲೇ ಬಿಎಸ್ಸಿ ಓದುತ್ತಿದ್ದಳು. ಯಾವುದಾದರೂ ಪಾಠ ತಲೆಗೆ ಹತ್ತದಿದ್ದರೆ ಪೆನ್ನಿನ ಮುಚ್ಚಳ ಕಚ್ಚುತ್ತ ಮನೆ ತುಂಬ ಓಡಾಡುತ್ತಿದ್ದಳು. ಹತ್ತಿದ ಕೂಡಲೇ ಮುಚ್ಚಳವನ್ನು ಪೆನ್ನಿಗೆ ಹಾಕಿ, ಒತ್ತಿ, ಊಟಕ್ಕೆ ಕೂರುತ್ತಿದ್ದಳು. ಕೊನೆಯ ವಾರ ಓಡಾಡಿದ್ದು ಈ ನಾಣ್ಯದ ಪ್ರಶ್ನೆ ಹಿಡಿದುಕೊಂಡು. ರಾಚಪ್ಪನಿಗೂ ಉತ್ತರ ಗೊತ್ತಿರಲಿಲ್ಲ. ಹಗಲು ಮಗ್ಗದಲ್ಲಿ ಕೂತು ಸಂಜೆ ಕಾಲೇಜಿನಲ್ಲಿ ವಾಣಿಜ್ಯ ಓದಿ ಮೇಲೆ ಬಂದವನು ಅವನು. ಯಾರು ಯಾವಾಗ ತನಗೆ ಗೊತ್ತಿಲ್ಲದ್ದನ್ನು ಕೇಳಿಬಿಡುತ್ತಾರೋ ಎಂಬ ಅಳುಕು ಅವನನ್ನು ಇಂದಿಗೂ ಬಿಟ್ಟಿರಲಿಲ್ಲ. ಮಗಳು ಮಗ್ಗದ ಹತ್ತಿರ ಹೋಗಿ ತಾಯಿಯನ್ನು ಕೇಳಿದಾಗ ನೀಲವ್ವ "ದೇವರು ಸರಿ ಮಾಡ್ತಾನ ತಗೋ, ರೊಟ್ಟಿ ಆರಿ ಹೊಂಟಾವ, ಬಾ" ಎಂದಿದ್ದಳು. ಹುಡುಗಿ ಬಿದ್ದು ಬಿದ್ದು ನಕ್ಕಿದ್ದಳು. ಮುಂದಿನ ಸೋಮವಾರ ಜ್ವರ ಬಂತು. ಅದು ಇಳಿಯಲೇ ಇಲ್ಲ.

ಆಮೇಲೆ ಬಹಳ ದಿನಕ್ಕೆ, ಅಭ್ಯಾಸ ತರಗತಿಯಲ್ಲಿ ಹೊಸದಾಗಿ ಕೂರಿಸಿದ ಹುಡುಗಿಯೊಬ್ಬಳು ಮುಚ್ಚಳ ಕಚ್ಚಿಕೊಂಡು ಅದೇ ಪ್ರಶ್ನೆ ಕೇಳಿದಳು. ಮುಖ ಬೇರೆ, ದನಿ ಬೇರೆ. ಗುರುತು ಸಿಕ್ಕರೆ ತಕ್ಷಣ ತಿಳಿಸಬೇಕು ಎಂಬ ನಿಯಮವಿತ್ತು. ತಿಳಿಸಿದರೆ ಅವಳನ್ನು ಬೇರೆ ಊರಿನ ಕೇಂದ್ರಕ್ಕೆ ಕಳಿಸುತ್ತಿದ್ದರು. ರಾಚಪ್ಪ ತಿಳಿಸಲಿಲ್ಲ. ತಿಳಿಸಲು ತನಗೆ ಖಾತ್ರಿಯೂ ಇಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡ. ಮುಚ್ಚಳ ಕಚ್ಚುವ ಹುಡುಗಿಯರು ಎಷ್ಟಿಲ್ಲ? ಆ ಪ್ರಶ್ನೆ ಇನ್ನೊಬ್ಬರಿಗೂ ಬಂದಿರಬಾರದೇ? ಒಂದು ದಿನ ಹೌದು ಅನ್ನಿಸುತ್ತಿತ್ತು, ಮರುದಿನ ಇಲ್ಲ. ನೀಲವ್ವನಿಗೆ ಮಾತ್ರ ಇಂಥ ಅನುಮಾನವಿರಲಿಲ್ಲ. ಅವಳು ಒಮ್ಮೆಯೂ ನೋಡಲು ಬಂದಿರಲಿಲ್ಲ. "ಬ್ಯಾರೆ ಮಕದಾಗ ಆಕೀನ್ನ ನೋಡಾಕ ನನ್ನ ಕಡೆ ಆಗಂಗಿಲ್ಲ. ನೀವು ಬಂದು ಹೇಳ್ರಿ, ನನಗಷ್ಟ ಸಾಕು" ಎಂದಿದ್ದಳು.

ಎರಡು ದಿನ ಬಿಟ್ಟು ಮೆಹರುನ್ನಿಸಾ ಅವನ ಕೋಣೆಗೆ ಬಂದಳು. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ.

"ಸರ್, ಇನ್ನೊಂದ ಸಲ ಅವಕಾಶ ಐತಿ ನನಗ. ಅದೂ ಹೋದ್ರ ಜೂನಿನಿಂದ ಕ್ಲಾಸಿಗೆ ಕಾಲಿಡಂಗಿಲ್ಲ. ನನ್ನ ತಪ್ಪೇನು ಹೇಳ್ರಿ, ತಿದ್ದಕೋತೀನಿ."

"ವರದಿ ಓದೀರಲ್ಲ?"

"ಓದೀನ್ರಿ. ನಿಮ್ಮ ಪಾಠದ ಟಿಪ್ಪಣಿನೂ ಓದೀನಿ. ಅದರಾಗ ನೀವ ಹೇಳಿದ್ದನ್ನ ಮಾಡೀನಿ, ಅದಕ್ಕ ನನ್ನ ಫೇಲ್ ಮಾಡೀರಿ." ಅವಳು ಮೇಜಿನ ಹತ್ತಿರಕ್ಕೆ ಬಂದಳು. "ತಪ್ಪು ತಿಳೀಬ್ಯಾಡ್ರಿ. ನನಗಿಂತ ಮುಂಚೆ ಬಂದವರನ್ನೂ ಕೇಳೀನಿ. ಅಡ್ಡಾದಿಡ್ಡಿ ಹೇಳಿದವರನ್ನ ನೀವು ಹೇಳಾಕ ಬಿಟ್ಟೀರಿ. ಆ ಮೂರನೇ ಸಾಲಿನ ಹುಡಿಗಿ ಕಡೆ ಯಾರು ಹೋಗ್ತಾರೋ ಅವರನ್ನ ನಿಲ್ಲಿಸೀರಿ."

ರಾಚಪ್ಪ ಮೇಜಿನ ಮೇಲಿದ್ದ ಕಾಗದಗಳನ್ನು ಸರಿಮಾಡತೊಡಗಿದ. ಅವು ಸರಿಯಾಗಿಯೇ ಇದ್ದವು.

"ನನ್ನ ಮಾತು ಬಿಡ್ರಿ" ಎಂದಳು ಮೆಹರುನ್ನಿಸಾ. "ಆ ಹುಡಿಗೀದು ನೋಡೀರೇನು? ಮೊದಲನೇ ಸಲ ನಾ ಪಾಠ ಮಾಡಿದಾಗ, ನನ್ನ ಮಾತು ಮುಗಿಯೂದ್ರೊಳಗ ಕೈ ಎತ್ತಿದ್ಲು. ಈ ಸಲ ಎಷ್ಟೊತ್ತು ಕಾದ್ಲು ಅಂದ್ರ, ಎತ್ತಂಗಿಲ್ಲ ಅಂತ ತಿಳದಿದ್ದೆ. ನನ್ನ ಕ್ಲಾಸಿನಾಗೂ ಹಿಂಗ ಒಬ್ಬಾಕಿ ಇದ್ಲು ಸರ್. ಕೇಳಿ ಕೇಳಿ ಬ್ಯಾಸತ್ತು ಸುಮ್ಮನಾದ್ಲು. ಆಮ್ಯಾಲ ಕ್ಲಾಸಿಗೆ ಬರೂದನ್ನ ಬಿಟ್ಲು. ನನಗ ಆವಾಗ ಗೊತ್ತಾಗ್ಲಿಲ್ಲ. ಅದಕ್ಕ ಇದನ್ನ ಕಲೀಬೇಕಂತ ಬಂದೀನಿ."

ಅವಳು ಹೋದ ಮೇಲೆ ರಾಚಪ್ಪ ಮೌನೇಶನ ಹತ್ತಿರ ಹೋದ. ಮೂರನೆಯ ಸಾಲಿನವಳು ಕೈ ಎತ್ತಲು ತೆಗೆದುಕೊಳ್ಳುವ ಹೊತ್ತನ್ನು ಮೊದಲಿನಿಂದ ತೋರಿಸು ಎಂದ. ಪರದೆಯ ಮೇಲೆ ಒಂದು ಗೆರೆ ಮೂಡಿತು. ಅದು ಏರುತ್ತಲೇ ಹೋಗಿತ್ತು. ಗುಂಡಿ ಒತ್ತಿದ ಪ್ರತಿಯೊಂದು ಸಲದ ನಂತರ ಗೆರೆ ಒಂದು ಮೆಟ್ಟಿಲು ಮೇಲೆ ಹತ್ತಿತ್ತು. ಹಿಂದಕ್ಕೆ ತಿರುಗಿಸಿದರೂ ಅವಳಲ್ಲಿ ಏನೋ ಒಂದು ಗುರುತು ಉಳಿಯುತ್ತಿತ್ತು: ಬಾಯಿ ತೆರೆದಾಗಲೆಲ್ಲ ಯಾರೋ ಬಾಯಿ ಮುಚ್ಚಿಸಿದ ಗುರುತು.

"ಇನ್ನ ಸ್ವಲ್ಪ ದಿನಕ್ಕ ಇದು ಮೂಕ ಆಗತೈತ್ರಿ ಸರ" ಎಂದ ಮೌನೇಶ. "ಹಂಗಾದ ಮ್ಯಾಲ ಕೂಡಿಸಿ ಏನ್ ಉಪಯೋಗ? ತಗದ ಬಿಡ್ತೀವಿ."

"ಎದ್ದು ಹೋದಂಗ ಲೆಕ್ಕ ಆಗತೈತೇನು?"

"ಛೇ, ಎಲ್ಲೀದ್ರಿ. ಅದಕ್ಕ ಭಜಿ ಇಲ್ಲ."

ಆ ಸಂಜೆ ಮಗ್ಗ ನಿಂತು, ನೀಲವ್ವ ಎಂದಿನಂತೆ ಕೇಳಿದಳು. ರಾಚಪ್ಪ ಮಗ್ಗದ ಕೆಳಗೆ ಕಾಲಿಳಿಬಿಡುವ ಕುಣಿಯ ಅಂಚಿನಲ್ಲಿ ಕುಳಿತು ಎಲ್ಲವನ್ನೂ ಹೇಳಿದ. ಮೆಹರುನ್ನಿಸಾ ಬಂದದ್ದು, ಗೆರೆ ಏರಿದ್ದು, ತಾನು ಗುಂಡಿ ಒತ್ತಿದ್ದು. ಗುಂಡಿಯ ವಿಷಯ ನೀಲವ್ವನಿಗೆ ಇದುವರೆಗೆ ಗೊತ್ತಿರಲಿಲ್ಲ. ಪಾಠ ಹೇಳುವವರೇ ದಡ್ಡರು ಎಂದುಕೊಂಡಿದ್ದಳು.

"ನೀವ ನಿಲ್ಲಸ್ತಿದ್ರೇನು?"

"ಹೂಂ."

"ಚಲೋ ಮಾಡೀರಿ" ಎಂದಳು ನೀಲವ್ವ. ಸ್ವಲ್ಪ ಹೊತ್ತಿನ ಮೇಲೆ, "ಇನ್ನೂ ಒಂದೀಟ ದಿನ ನಿಲ್ಲಸ್ರಿ. ಆ ಪಾಠ ಹೇಳೂ ಹುಡಿಗೀಗೆ ಬ್ಯಾರೆ ಪಾಠ ಕೊಡ್ರಿ, ಅದರಾಗ ಪಾಸ್ ಮಾಡ್ರಿ. ನಿಮ್ಮ ಕೈಯಾಗ ಐತಲ್ಲ."

"ಕೊಡಬಹುದು. ಆದರ ಈಕಿ ಕೈ ಎತ್ತೂದ ಬಿಡಾಕತ್ತಾಳ. ಕೇಳಬೇಕೋ ಬ್ಯಾಡೋ ಅಂತ ಕುಂದರತಾಳ. ಮುಚ್ಚಳಾ ಬಾಯಾಗ ಹಂಗ ಇರತೈತಿ."

"ನಮ್ಮ ದಾಕ್ಷಿ ಹಂಗಲ್ಲ."

"ಅಲ್ಲ. ನಾ ಹಂಗ ಮಾಡೀನಿ."

ನೀಲವ್ವ ಲಾಳಿಯನ್ನು ಒಂದು ಸಲ ಎಸೆದಳು. ಎರಡನೆಯ ಸಲಕ್ಕೆ ಎಳೆ ಹರಿಯಿತು. ಹರಿದ ತುದಿಗಳನ್ನು ಹುಡುಕಿ ಗಂಟು ಹಾಕುತ್ತ, ತಲೆ ಎತ್ತದೆ ಹೇಳಿದಳು. "ನನ್ನ ಕೇಳಬ್ಯಾಡ್ರಿ. ನಾ ಹೂಂ ಅನ್ನಂಗಿಲ್ಲ. ನಾ ಹೂಂ ಅಂದೆ ಅಂತ ಯಾವತ್ತೂ ನೀವು ಅನ್ನಬಾರದು."



ಮೆಹರುನ್ನಿಸಾಳ ಕೊನೆಯ ಪಾಠದ ದಿನ ರಾಚಪ್ಪ ವೀಕ್ಷಣಾ ಕೋಣೆಗೆ ಎಲ್ಲರಿಗಿಂತ ಮುಂಚೆ ಬಂದ. ಬೇರೆ ಪಾಠ ಕೊಡುವ ಆಲೋಚನೆ ಅವನಿಗೆ ಬಾರದೇ ಇರಲಿಲ್ಲ. ಪಾಠದ ಹೆಸರು ಬದಲಾಯಿಸಿ, ಮತ್ತೆ ಮೊದಲಿನದನ್ನೇ ಹಾಕಿ, ಹೀಗೆ ಹಲವು ಸಲ ಮಾಡಿದ್ದ. ಬೆಳಿಗ್ಗೆ ನೋಡಿದಾಗ ಮೊದಲಿನದೇ ಇತ್ತು. ಅದನ್ನು ಹಾಗೇ ಬಿಟ್ಟ. ಕುರ್ಚಿಯನ್ನು ಗುಂಡಿಯಿಂದ ಹಿಂದಕ್ಕೆ ಎಳೆದುಕೊಂಡು, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತ.

"ಚಳಿ ಏನ್ರಿ ಸರ?" ಎಂದ ಮೌನೇಶ.

"ಹೂಂ, ಸ್ವಲ್ಪ."

ಒಳಗೆ ಮೆಹರುನ್ನಿಸಾ ನಾಣ್ಯ ಚಿಮ್ಮಿಸಿದಳು, ಬಿದ್ದದ್ದನ್ನು ಹಲಗೆಯ ಮೇಲೆ ಬರೆದಳು, ಸಾವಿರ ಸಲಕ್ಕೆ ಏನಾಗುತ್ತದೆ ಎಂದು ಹೇಳಿದಳು. ಹೇಳಿ ಮುಗಿಸಿ, ತರಗತಿಯ ಕಡೆ ತಿರುಗಿ, ಯಾರಾದರೂ ಏನಾದರೂ ಕೇಳುವುದಿದೆಯೇ ಎಂದಳು. ಯಾರೂ ಕೇಳಲಿಲ್ಲ. ಮೂರನೆಯ ಸಾಲಿನಲ್ಲಿ ವನಜಾ ಮುಚ್ಚಳ ಕಚ್ಚಿಕೊಂಡು ಕಿಟಕಿಯ ಕಡೆ ನೋಡುತ್ತಿದ್ದಳು. ಕಿಟಕಿಯ ಆಚೆ ಕಾಣುವುದು ಯಂತ್ರವೇ ತೋರಿಸುವ ಒಂದು ಬಯಲು, ದೂರದ ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳು.

ಮೆಹರುನ್ನಿಸಾ ಕಾದಳು.

ಹೊಸದಾಗಿ ಪಾಠ ಹೇಳುವವರಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಇದು. ಪ್ರಶ್ನೆ ಕೇಳಿ ಸುಮ್ಮನೆ ನಿಲ್ಲುವುದು. ನಾಲ್ಕು ಉಸಿರು ಎಳೆಯುವಷ್ಟು ಮೌನವೂ ಅವರಿಗೆ ಯುಗವೆನ್ನಿಸುತ್ತದೆ, ತಾವೇ ಉತ್ತರ ಹೇಳಿ ಓಡುತ್ತಾರೆ. ರಾಚಪ್ಪ ಎಷ್ಟೋ ತಂಡಗಳಿಗೆ ಇದನ್ನು ಹೇಳಿಕೊಟ್ಟಿದ್ದ, ಒಬ್ಬರೂ ಇಷ್ಟು ಹೊತ್ತು ನಿಂತದ್ದನ್ನು ಕಂಡಿರಲಿಲ್ಲ. ಮೆಹರುನ್ನಿಸಾ ಗಡಿಯಾರ ನೋಡಲಿಲ್ಲ, ಕೆಮ್ಮಲಿಲ್ಲ, ಹಲಗೆ ಒರೆಸಲಿಲ್ಲ. ವನಜಾ ಕೇಳದೆ ಹೋಗುತ್ತಾಳೆ ಎಂದು ರಾಚಪ್ಪನಿಗೆ ಅನ್ನಿಸಿತು. ಕೇಳಲಿ ಎಂದು ಅವನು ಬೇಡಿಕೊಳ್ಳುತ್ತಿದ್ದ. ಕೇಳದಿದ್ದರೆ ನಾಳೆಯೂ ಇಲ್ಲೇ ಇರುತ್ತಾಳಲ್ಲ ಎಂಬುದು ಅದರ ಹಿಂದೆಯೇ ಬಂತು. ಅದು ಬಂದದ್ದಕ್ಕೆ ನಾಚಿಕೆಯಾಯಿತು.

ಕೈ ಮೇಲೆದ್ದಿತು. ಅರ್ಧಕ್ಕೆ ಬಂದು ನಿಂತು, ಆಮೇಲೆ ಪೂರ್ತಿ ಎದ್ದಿತು.

ಅದೇ ಪ್ರಶ್ನೆ. ಆದರೆ ಮೊದಲಿನ ಹುರುಪು ಇರಲಿಲ್ಲ. ಬೈಸಿಕೊಳ್ಳಲು ಸಿದ್ಧವಾದವರ ಹಾಗೆ ಕೇಳಿ ಮುಗಿಸಿದಳು.

ಮೆಹರುನ್ನಿಸಾ ಅವಳ ಬೆಂಚಿನ ತುದಿಯಲ್ಲಿ ಕುಳಿತುಕೊಂಡಳು. "ಒಂದ್ ಲೋಟ ನೀರಿಗೆ ಒಂದ್ ಚಮಚ ಉಪ್ಪು ಹಾಕಿದ್ರ?"

"ಬಾಯಾಗ ಇಡಾಕಾಗಂಗಿಲ್ರಿ."

"ಅದ ಲೋಟದ ನೀರನ್ನ ದೊಡ್ಡ ಹಂಡೇಕ ಸುರುವಿ, ಹಂಡೆ ತುಂಬ ನೀರು ಹಾಕಿದ್ರ?"

"ಗೊತ್ತಾಗಂಗಿಲ್ಲ."

"ಯಾಕ? ಉಪ್ಪು ತಗದವರು ಯಾರು?"

"ಯಾರೂ ತಗದಿಲ್ರಿ." ವನಜಾ ಮುಚ್ಚಳವನ್ನು ಬಾಯಿಂದ ತೆಗೆದಳು. "ಅಷ್ಟೂ ಹಂಗ ಐತಿ."

ಮೆಹರುನ್ನಿಸಾ ಮತ್ತೆ ಕಾದಳು. ಗಾಜಿನ ಈಚೆ ಮೌನೇಶ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ.

"ಅಂದ್ರ..." ವನಜಾ ತಡೆದು ತಡೆದು ಹೇಳತೊಡಗಿದಳು. "ಮೊದಲ ಹತ್ತು ಹೆಡ್ ಹೆಚ್ಚ ಬಿದ್ದಿದ್ವಲ್ರಿ, ಅವನ್ನ ಯಾರೂ ತೀರಸಂಗಿಲ್ಲ. ಟೇಲೇನು ಹೆಚ್ಚ ಬೀಳಂಗಿಲ್ಲ."

"ಇಲ್ಲ."

"ಆ ಹತ್ತು ಹೆಚ್ಚಿದ್ದದ್ದು ಕಡೀತನ ಹಂಗ ಇರತೈತಿ. ಮುಂದಿನವು ಭಾಳ ಆಗತಾವ. ಅದಕ್ಕ ಕಾಣಂಗಿಲ್ಲ, ಅಷ್ಟ."

"ಅಷ್ಟ" ಎಂದಳು ಮೆಹರುನ್ನಿಸಾ.

"ಯಾರೂ ಸರಿ ಮಾಡಂಗಿಲ್ಲ."

ಅದನ್ನು ಅವಳು ಕೇಳಲಿಲ್ಲ, ಹೇಳಿದಳು. ಮುಚ್ಚಳವನ್ನು ಪೆನ್ನಿಗೆ ಹಾಕಿ, ಹೆಬ್ಬೆರಳಿನಿಂದ ಒತ್ತಿದಳು. ಒತ್ತಿ, ಇನ್ನೊಮ್ಮೆ ಒತ್ತಿದಳು. ಮಗಳು ಹೀಗೆ ಎರಡು ಸಲ ಒತ್ತುತ್ತಿದ್ದದ್ದು ರಾಚಪ್ಪನಿಗೆ ಮರೆತೇಹೋಗಿತ್ತು. ನೀಲವ್ವನ ಮುಂದೆ ಮಾಡಿ ತೋರಿಸುವಾಗ ಅದನ್ನು ಅವನು ಎಂದೂ ಮಾಡಿರಲಿಲ್ಲ. ಈಗ ನೋಡಿದ ಮೇಲೆ ಅನುಮಾನಪಡಲು ಏನೂ ಉಳಿಯಲಿಲ್ಲ. ಕೈಗಳು ತೊಡೆಯ ಕೆಳಗೆ ಮರಗಟ್ಟಿದ್ದವು, ಅವುಗಳನ್ನು ಹೊರಗೆ ತೆಗೆಯಲಿಲ್ಲ.

ಒಳಗೆ ಪಾಠ ಮುಗಿಯಿತು. ಬೆಂಚಿನವರು ಒಬ್ಬೊಬ್ಬರಾಗಿ ಮಸುಕಾದರು. ಮೂರ್ನಾಲ್ಕು ಸಾಲುಗಳ ನಡುವೆ ಕಿಟಕಿ ಪಕ್ಕದವಳೂ ಎಲ್ಲರ ಹಾಗೆಯೇ ಮಸುಕಾದಳು. ಅವಳದ್ದೇ ಬೇರೆ ಎಂದು ಯಾರಿಗೂ ತಿಳಿಯುವಂತಿರಲಿಲ್ಲ.

"ಎದ್ದು ಹೋದ್ಲು ನೋಡ್ರಿ ಸರ ಕಡೀಕೂ" ಎಂದು ಮೌನೇಶ ಚಪ್ಪಾಳೆ ತಟ್ಟಿದ. "ಏನ್ ಗಟ್ಟಿ ಗಿರಾಕಿ ಇದ್ಲು ಮಾರಾಯ್ತಿ. ಅಳಿಸಿಬಿಡ್ಲಿ?"

ನಿಯಮದಂತೆ ತರಬೇತುದಾರ ಒಪ್ಪಿಗೆ ಹೇಳಬೇಕಿತ್ತು. ರಾಚಪ್ಪ "ಅಳಿಸು" ಎಂದ. ಅದಕ್ಕೆ ಏನೂ ಹೊತ್ತು ಹಿಡಿಯಲಿಲ್ಲ.

ಕ್ಯಾಂಟೀನಿನಲ್ಲಿ ಮೆಹರುನ್ನಿಸಾಳ ಕಣ್ಣುಗಳು ಒದ್ದೆಯಾಗಿದ್ದವು, ಕೈಯಲ್ಲಿ ಭಜಿಯ ಕಾಗದ ಇತ್ತು. ರಾಚಪ್ಪ ಅವಳ ವರದಿಯ ಮೇಲೆ ಅರ್ಹ ಎಂದು ಬರೆದು ಸಹಿ ಹಾಕಿ ಕೊಟ್ಟ. ಹಿಂದಿನ ಸಲದ್ದು ತನ್ನ ತಪ್ಪು, ಮೇಲಿನವರಿಗೂ ಅದನ್ನು ತಿಳಿಸುತ್ತೇನೆ ಎಂದ. ಏನು ತಪ್ಪು ಎಂದು ಅವಳು ಕೇಳಲಿಲ್ಲ.

"ನೀವು ಕಾದದ್ದು ಚಲೋ ಆತು" ಎಂದ. "ಭಾಳ ಮಂದಿ ಕಾಯಂಗಿಲ್ಲ."

"ನೀವ ಬರದೀರಲ್ರಿ ಟಿಪ್ಪಣ್ಯಾಗ." ಅವಳು ಸ್ವಲ್ಪ ತಡೆದು ಹೇಳಿದಳು. "ಆಕಿ ಖರೇನ ಯಾರಿದ್ಲೋ ಏನೋ ಸರ್. ಎಲ್ಲೇರ ಅದಾಳಲ್ಲ, ಈಗ ದೊಡ್ಡಾಕಿ ಆಗಿರ್ತಾಳ. ಇದು ಆಕಿಗೆ ತಿಳಿದಿರಬೇಕಲ್ರಿ ಇಷ್ಟೊತ್ತಿಗೆ?"

"ತಿಳಿದೈತಿ" ಎಂದ ರಾಚಪ್ಪ. ತಟ್ಟೆಯಲ್ಲಿದ್ದ ಭಜಿಯನ್ನು ಮುರಿದ, ತಿನ್ನಲಿಲ್ಲ.

ಓಣಿಯ ತಿರುವಿನಲ್ಲಿ ಮಗ್ಗದ ಸದ್ದು ಕೇಳಿತು. ಅವನು ಚಪ್ಪಲಿ ಬಿಡುವುದಕ್ಕೆ ತಡಮಾಡಿದ. ಸದ್ದು ನಿಂತಿತು.

"ಇವತ್ತ ಏನ್ ಕೇಳಿದ್ಲು?"

ರಾಚಪ್ಪ ಒಳಗೆ ಬಂದು ನಿಂತ.

"ಕಡೀಕ ಏನೂ ಕೇಳ್ಲಿಲ್ಲ."

ನೀಲವ್ವ ಲಾಳಿಯನ್ನು ನೋಡುತ್ತ ಕುಳಿತಳು. ಅದನ್ನು ಕೆಳಗಿಡಬೇಕೋ ಎಸೆಯಬೇಕೋ ತಿಳಿಯದವಳ ಹಾಗೆ ಅದು ಅವಳ ಕೈಯಲ್ಲೇ ಇತ್ತು.

"ಮುಚ್ಚಳಾ?"

"ಹಾಕಿದ್ಲು."

"ಎರಡ ಸಲ ಒತ್ತಿದ್ಲೇನು?"

"ಎರಡ ಸಲ."

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸದ್ದು ಹೊರಗೆ ಬರಲಿಲ್ಲ. ಪಕ್ಕದ ಮನೆಯ ಮಗ್ಗ ಕಟಕಟ ಎನ್ನುತ್ತಲೇ ಇತ್ತು. ರಾಚಪ್ಪ ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತ. ಬಯ್ಯುತ್ತಾಳೆ ಎಂದು ಕಾದ, ಬಯ್ದರೆ ಒಳ್ಳೆಯದು ಅನ್ನಿಸುತ್ತಿತ್ತು. ಬಹಳ ಹೊತ್ತಾದ ಮೇಲೆ ಅವಳು ಮುಖ ಒರೆಸಿಕೊಂಡು ಕೇಳಿದಳು.

"ಏನ್ ಹೇಳಿದ್ರು ಆಕಿಗೆ? ನನಗೂ ಹೇಳ್ರಿ."

ರಾಚಪ್ಪನಿಗೆ ಹಳೆಯ ಅಳುಕು ಬಂತು. ಸರಿಯಾಗಿ ಹೇಳಲು ಬರುತ್ತದೋ ಇಲ್ಲವೋ. ಅಡಿಗೆ ಮನೆಗೆ ಹೋಗಿ ಒಂದು ಲೋಟ ನೀರು, ಉಪ್ಪಿನ ಡಬ್ಬಿ ತಂದ. ಒಂದು ಚಮಚ ಹಾಕಿ ಕದಡಿ ಅವಳ ಕೈಗೆ ಕೊಟ್ಟ. ಅವಳು ನಾಲಿಗೆಗೆ ತಾಗಿಸಿ ಮುಖ ಕಿವುಚಿದಳು. ಆಮೇಲೆ ಆ ಲೋಟವನ್ನು ಮೂಲೆಯಲ್ಲಿ ತುಂಬಿಟ್ಟಿದ್ದ ದೊಡ್ಡ ಕೊಡಕ್ಕೆ ಸುರಿದು, ಕೈಯಿಂದಲೇ ಕಲಸಿ, ಅದೇ ಲೋಟವನ್ನು ತೊಳೆದು ತುಂಬಿ ಕೊಟ್ಟ. ನಾಣ್ಯದ ಮಾತನ್ನು ಹೇಳಿದ. ನಡುವೆ ತಪ್ಪಿದ, ಮತ್ತೆ ಮೊದಲಿನಿಂದ ಹೇಳಿದ. ಮೊದಲಿನದನ್ನು ಯಾರೂ ತೀರಿಸುವುದಿಲ್ಲ, ಮುಂದಿನವು ಬಂದು ಬಂದು ಅದು ಕಾಣದ ಹಾಗಾಗುತ್ತದೆ ಎಂದ.

"ದೇವರೂ ಸರಿ ಮಾಡಂಗಿಲ್ಲೇನು?"

"ಇಲ್ಲ."

ನೀಲವ್ವ ಕುಡಿದಳು. ಇನ್ನೊಂದು ಗುಟುಕು ಕುಡಿದು, ಬಾಯಲ್ಲೇ ಇಟ್ಟುಕೊಂಡು ನೋಡಿ, ನುಂಗಿದಳು.

"ಉಪ್ಪು ಗೊತ್ತಾಗವಲ್ದು."

"ಆದರ ಐತಿ."

"ಅಷ್ಟೂ?"

"ಅಷ್ಟೂ."

ಅವಳು ಎದ್ದು ಕೊಡದ ಹತ್ತಿರ ಹೋದಳು. ಒಳಗೆ ಇಣುಕಿ ನೋಡಿದಳು. ನೀರು ಇನ್ನೂ ಸುತ್ತುತ್ತಿತ್ತು. ಅದು ನಿಲ್ಲುವ ತನಕ ನಿಂತಿದ್ದು, ಗೂಡಿನಲ್ಲಿದ್ದ ಹಿತ್ತಾಳೆಯ ತಟ್ಟೆಯನ್ನು ತೆಗೆದು ಸೆರಗಿನಿಂದ ಒರೆಸಿ ಕೊಡದ ಬಾಯಿಗೆ ಮುಚ್ಚಿದಳು.

"ಈ ನೀರು ಚೆಲ್ಲಬ್ಯಾಡ್ರಿ" ಎಂದಳು.